ನಂಗೆ ಲೆಕ್ಕ ಬರಲ್ಲ

1986ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಒಂದು ಸಮಿತಿ ರಚಿಸಿತು. ರಸ್ತೆಗೆ, ನೀರಿಗೆ, ತೆರಿಗೆಗೆ ಸಮಿತಿ ಮಾಡುವುದು ಎಲ್ಲ ಸರ್ಕಾರಗಳ ರೂಢಿ. ಇದು ಜನರ ಆತ್ಮಗೌರವ ಹೆಚ್ಚಿಸಲು ಮಾಡಿದ ಸಮಿತಿ. ಜಾನ್ ವಾಸ್ಕೊನ್‌ಸೆಲೋಸ್ ಎಂಬ ಶಾಸಕ ಪಟ್ಟು ಹಿಡಿದು ಮಸೂದೆ ಪಾಸು ಮಾಡಿಸಿದ್ದರು. ಗವರ್ನರ್ ಜಾರ್ಜ್ ಡ್ಯೂಕ್‌ಮೇಜಿಯನ್ ಮೊದಮೊದಲು ಒಪ್ಪದಿದ್ದರೂ ಕೊನೆಗೆ ಸಹಿ ಹಾಕಿದರು. ವರ್ಷಕ್ಕೆ 2,45,000 ಡಾಲರಿನಂತೆ ಮೂರು ವರ್ಷಕ್ಕೆ ಹಣವೂ ಸಿಕ್ಕಿತು. ಶಾಲೆಯಲ್ಲಿ ಹಿಂದೆ ಬೀಳುವುದು, ಮಾದಕ ವ್ಯಸನ, ಅಪರಾಧ, ಹದಿಹರೆಯದ ಬಸಿರು ಎಲ್ಲಕ್ಕೂ ಕಾರಣ ಒಂದೇ, ತನ್ನ ಬಗ್ಗೆ ತನಗೇ ಬೆಲೆಯಿಲ್ಲದಿರುವುದು ಎಂಬುದು ವಾಸ್ಕೊನ್‌ಸೆಲೋಸ್ ಅವರ ವಾದ. ಮಗುವಿಗೆ ತಾನು ದೊಡ್ಡವನು ಅನ್ನಿಸುವಂತೆ ಮಾಡಿದರೆ ಅಂಕವೂ ಏರುತ್ತದೆ, ಜೈಲು, ಪರಿಹಾರ ಎಂದು ಸರ್ಕಾರ ಮಾಡುವ ಖರ್ಚೂ ಇಳಿಯುತ್ತದೆ. ಡೂನ್ಸ್‌ಬರಿ ಎಂಬ ಜನಪ್ರಿಯ ವ್ಯಂಗ್ಯಚಿತ್ರಮಾಲೆ ಸಮಿತಿಯನ್ನು ಗೇಲಿ ಮಾಡಿತು. ಗೇಲಿಯಿಂದ ಸಮಿತಿಯ ಪ್ರಚಾರ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಆಧಾರ ಹುಡುಕುವ ಕೆಲಸವನ್ನು ಅಲ್ಲಿನ ವಿಶ್ವವಿದ್ಯಾಲಯದ ಪಂಡಿತರಿಗೆ ಒಪ್ಪಿಸಲಾಯಿತು. ಅದುವರೆಗಿನ ಸಂಶೋಧನೆಗಳನ್ನೆಲ್ಲ ಜಾಲಾಡಿ ಅವರು 1989ರಲ್ಲಿ ಒಂದು ಪುಸ್ತಕ ತಂದರು. ಸಂಪಾದಕರಲ್ಲಿ ಒಬ್ಬರಾದ ಸಮಾಜಶಾಸ್ತ್ರಜ್ಞ ನೀಲ್ ಸ್ಮೆಲ್ಸರ್ ಮುನ್ನುಡಿಯಲ್ಲೇ ಒಪ್ಪಿಕೊಂಡರು: ಆತ್ಮಗೌರವಕ್ಕೂ ಈ ಸಮಸ್ಯೆಗಳಿಗೂ ಇರುವ ಸಂಬಂಧ ನಿರಾಸೆಯಾಗುವಷ್ಟು ಸಡಿಲ. ಆದರೂ 1990ರಲ್ಲಿ ಬಂದ ಸಮಿತಿಯ ಅಂತಿಮ ವರದಿ ಉತ್ಸಾಹದಿಂದ ತುಂಬಿ ತುಳುಕುತ್ತಿತ್ತು. ಜನ ಓದಿದ್ದು ವರದಿಯನ್ನು, ಪುಸ್ತಕವನ್ನಲ್ಲ. ‘ನಾನು ವಿಶೇಷ’ ಎಂಬ ಭಿತ್ತಿಪತ್ರಗಳು ಶಾಲೆಯ ಗೋಡೆಗೇರಿದವು. ಓಟದಲ್ಲಿ ಕೊನೆಗೆ ಬಂದವನಿಗೂ ಪದಕ ಬಂತು. ಆ ಗಾಳಿ ನಮ್ಮ ಊರುಗಳ ಬೇಸಿಗೆ ಶಿಬಿರಗಳಿಗೂ ಪರ್ಸನಾಲಿಟಿ ಡೆವಲಪ್‌ಮೆಂಟ್ ಕ್ಲಾಸುಗಳಿಗೂ ಬೀಸದೆ ಇರಲಿಲ್ಲ. ಕನ್ನಡಿ ಮುಂದೆ ನಿಂತು ತನ್ನನ್ನು ತಾನೇ ಹೊಗಳಿಕೊಳ್ಳುವ ಪಾಠಕ್ಕೆ ಇವತ್ತಿಗೂ ಫೀಸು ಕಟ್ಟುವವರಿದ್ದಾರೆ.

ಮಗು ತನ್ನ ಬಗ್ಗೆ ಏನು ಅಂದುಕೊಂಡಿದೆ ಎಂಬುದಕ್ಕೂ ಅದರ ಓದಿಗೂ ಸಂಬಂಧವೇ ಇಲ್ಲ ಎಂದು ಇದರ ಅರ್ಥವಲ್ಲ. ಸಂಬಂಧವಿದೆ. ಅದು ಸಮಿತಿ ಹುಡುಕಿದ ಜಾಗದಲ್ಲಿಲ್ಲ, ಅಷ್ಟೆ.

1982ರಲ್ಲಿ ಹ್ಯಾನ್ಸ್‌ಫರ್ಡ್ ಮತ್ತು ಜಾನ್ ಹ್ಯಾಟಿ ಎಂಬ ಸಂಶೋಧಕರು ಈ ಸಂಬಂಧವನ್ನು ಅಳೆದ 128 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಎರಡು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಅದರಲ್ಲಿತ್ತು. ಎರಡು ಸಂಗತಿಗಳ ನಡುವಿನ ಸಹಸಂಬಂಧವನ್ನು ಒಂದು ಸಂಖ್ಯೆಯಲ್ಲಿ ಹೇಳುವುದು ವಾಡಿಕೆ. ಸಂಬಂಧವೇ ಇಲ್ಲದಿದ್ದರೆ 0, ಒಂದು ಏರಿದಂತೆಲ್ಲ ಇನ್ನೊಂದು ಒಂಚೂರೂ ತಪ್ಪದೆ ಏರಿದರೆ 1. ಇವರಿಗೆ ಸಿಕ್ಕ ಸರಾಸರಿ 0.21. ಮಕ್ಕಳ ಅಂಕಗಳಲ್ಲಿ ಕಾಣುವ ಏರುಪೇರಿನಲ್ಲಿ ನೂರಕ್ಕೆ ನಾಲ್ಕೈದು ಪಾಲು ಮಾತ್ರ ತಮ್ಮ ಬಗ್ಗೆ ಅವರು ಅಂದುಕೊಂಡದ್ದಕ್ಕೆ ತಳುಕು ಹಾಕಿಕೊಂಡಿದೆ ಎಂದಾಯಿತು. ಆದರೆ ‘ಒಟ್ಟಾರೆ ನಾನು ಹೇಗೆ’ ಎಂಬ ಪ್ರಶ್ನೆ ಬಿಟ್ಟು ‘ಓದಿನಲ್ಲಿ ನಾನು ಹೇಗೆ’ ಎಂದು ಕೇಳಿದ ಅಧ್ಯಯನಗಳನ್ನಷ್ಟೇ ತೆಗೆದುಕೊಂಡರೆ ಅದೇ ಸಂಖ್ಯೆ 0.42ಕ್ಕೆ ಏರಿತು. ಸರಿಯಾಗಿ ಎರಡು ಪಟ್ಟು.

ಮಗು ತನ್ನ ಬಗ್ಗೆ ಅಂದುಕೊಂಡಿರುವ ಇದು, ಸ್ವ-ಪರಿಕಲ್ಪನೆ ಎಂದು ಬಿ.ಎಡ್. ಪಠ್ಯಗಳು ಕರೆಯುವುದು, ಒಂದೇ ಇಡಿಯಾದ ವಸ್ತುವಲ್ಲ ಎಂಬುದನ್ನು ರಿಚರ್ಡ್ ಶೇವಲ್ಸನ್ ಮತ್ತು ಇಬ್ಬರು ಸಹೋದ್ಯೋಗಿಗಳು 1976ರಲ್ಲೇ ಹೇಳಿದ್ದರು. ಮೇಲೆ ‘ನಾನು’ ಎಂಬ ಒಟ್ಟು ಭಾವ, ಅದರ ಕೆಳಗೆ ಓದಿನ ನಾನು, ಗೆಳೆಯರ ನಡುವಿನ ನಾನು, ಆಟದ ಬಯಲಿನ ನಾನು, ರೂಪದ ನಾನು. ಓದಿನ ನಾನೂ ಒಡೆದು ಗಣಿತದ್ದು, ಭಾಷೆಯದು, ವಿಜ್ಞಾನದ್ದು ಎಂದು ಕವಲಾಗುತ್ತದೆ. ಇಂಗ್ಲಿಷಿನಲ್ಲಿ ಫೇಲಾದ ಹುಡುಗ ಕಬಡ್ಡಿ ಅಂಕಣದಲ್ಲಿ ರಾಜನ ಹಾಗೆ ಓಡಾಡುವುದನ್ನು ಕಂಡ ಯಾವ ಹಳ್ಳಿ ಮೇಷ್ಟರಿಗೂ ಇದು ಹೊಸ ಸುದ್ದಿಯಲ್ಲ. ಒಟ್ಟು ಆತ್ಮಗೌರವವನ್ನು ಅಳೆದರೆ ಕಬಡ್ಡಿಯ ಹೆಮ್ಮೆ ಇಂಗ್ಲಿಷಿನ ನೋವನ್ನು ಮುಚ್ಚಿಬಿಡುತ್ತದೆ. ಅಂಕದ ಜತೆ ಅದು ತಾಳೆಯಾಗುವುದು ಹೇಗೆ?

ಆಸ್ಟ್ರೇಲಿಯಾದಲ್ಲಿ ಹರ್ಬರ್ಟ್ ಮಾರ್ಷ್ ಈ ಕವಲುಗಳನ್ನು ಬೇರೆಬೇರೆಯಾಗಿ ಅಳೆಯುವ ಪ್ರಶ್ನಾವಳಿ ಮಾಡಿಕೊಂಡು ಕೂತರು. ಗಣಿತದಲ್ಲಿ ಚುರುಕಾದ ಮಗು ಸಾಮಾನ್ಯವಾಗಿ ಭಾಷೆಯಲ್ಲೂ ಚುರುಕು. ಹಾಗಿದ್ದಮೇಲೆ ಎರಡರ ಬಗೆಗಿನ ವಿಶ್ವಾಸವೂ ಜತೆಜತೆಗೆ ಏರಬೇಕು. ಏರಲಿಲ್ಲ. ಮುಂದೆ 2009ರಲ್ಲಿ ಜರ್ಮನಿಯ ಯೆನ್ಸ್ ಮೊಲ್ಲರ್ ಮತ್ತು ಸಂಗಡಿಗರು, ಮಾರ್ಷ್ ಅವರನ್ನೂ ಸೇರಿಸಿಕೊಂಡು, ಒಂದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳ ಲೆಕ್ಕ ಒಟ್ಟುಮಾಡಿದಾಗ ಚಿತ್ರ ಇನ್ನೂ ನಿಚ್ಚಳವಾಯಿತು. ಗಣಿತದ ಅಂಕಕ್ಕೂ ಭಾಷೆಯ ಅಂಕಕ್ಕೂ ಸಹಸಂಬಂಧ 0.67. ಗಣಿತದ ವಿಶ್ವಾಸಕ್ಕೂ ಭಾಷೆಯ ವಿಶ್ವಾಸಕ್ಕೂ ಬರೀ 0.10.

ಮಾರ್ಷ್ 1986ರಲ್ಲಿ ಕೊಟ್ಟ ವಿವರಣೆ ಹೀಗಿದೆ. ಮಗು ಎರಡು ಕಡೆ ಹೋಲಿಸಿಕೊಳ್ಳುತ್ತದೆ. ಪಕ್ಕದವರ ಜತೆ ಒಂದು ಹೋಲಿಕೆ, ತನ್ನದೇ ಬೇರೆ ವಿಷಯದ ಜತೆ ಇನ್ನೊಂದು. ಕನ್ನಡದಲ್ಲಿ 92, ಗಣಿತದಲ್ಲಿ 78 ತೆಗೆದ ಹುಡುಗಿಯನ್ನು ನೆನೆಸಿಕೊಳ್ಳಿ. ತರಗತಿಯ ಸರಾಸರಿ 55 ಇದ್ದರೂ ಅವಳ ಬಾಯಲ್ಲಿ ಬರುವುದು ‘ನಂಗೆ ಲೆಕ್ಕ ಬರಲ್ಲ’ ಎಂಬ ಮಾತೇ. ತನ್ನ 78ನ್ನು ಅವಳು ಅಳೆದದ್ದು ತನ್ನದೇ 92ರ ಪಕ್ಕದಲ್ಲಿಟ್ಟು. ಅದೇ 55 ಸರಾಸರಿಯ ತರಗತಿಯಲ್ಲಿ ಕನ್ನಡಕ್ಕೆ 40, ಗಣಿತಕ್ಕೆ 60 ತೆಗೆದವನು ತಾನು ಲೆಕ್ಕದಲ್ಲಿ ಗಟ್ಟಿ ಎಂದು ಎದೆ ತಟ್ಟಿಕೊಳ್ಳುತ್ತಾನೆ. ಪಿಯುಸಿಗೆ ಸೇರುವ ಹೊತ್ತಿನಲ್ಲಿ ಯಾವ ಕಾಂಬಿನೇಷನ್ ಎಂಬ ಪ್ರಶ್ನೆ ಬಂದಾಗ 78ರ ಹುಡುಗಿ ಹಿಂದೆ ಸರಿಯುವುದು, 60ರ ಹುಡುಗ ಮುಂದೆ ನುಗ್ಗುವುದು ಇಲ್ಲಿಂದ. ಭಾಷೆಯಲ್ಲಿ ಹುಡುಗಿಯರು ಸಾಧಾರಣವಾಗಿ ಮುಂದು. ಅಂಕ ಒಂದೇ ಇದ್ದರೂ ಗಣಿತದ ಬಗ್ಗೆ ಹುಡುಗಿಯರ ವಿಶ್ವಾಸ ಹುಡುಗರಿಗಿಂತ ಕೆಳಗಿರುವುದಕ್ಕೆ ಇದೂ ಒಂದು ಕಾರಣ. ಭಾಷೆಯಲ್ಲಿ ಗೆದ್ದದ್ದೇ ಗಣಿತದಲ್ಲಿ ಅಡ್ಡ ಬಂದಂತೆ. ‘ಹೆಣ್ಮಕ್ಕಳಿಗೆ ಲೆಕ್ಕ ಹತ್ತಲ್ಲ’ ಎಂದು ಸಲೀಸಾಗಿ ಹೇಳುವ ಮಾವಂದಿರು ಮನೆಯಲ್ಲಿದ್ದರಂತೂ ಕೇಳುವುದೇ ಬೇಡ.

ಈ ಹೋಲಿಕೆಯ ಬುದ್ಧಿ ಹುಟ್ಟಿನಿಂದ ಬಂದದ್ದಲ್ಲ. ಒಂದನೇ ತರಗತಿಗೆ ಹೋಗಿ ‘ಇಲ್ಲಿ ಚೆನ್ನಾಗಿ ಓದುವವರು ಯಾರು?’ ಎಂದು ಕೇಳಿ ನೋಡಿ. ಇಡೀ ತರಗತಿ ಕೈ ಎತ್ತುತ್ತದೆ. 1970ರ ದಶಕದಲ್ಲಿ ಜಾನ್ ನಿಕೋಲ್ಸ್ ಎಂಬ ಮನೋವಿಜ್ಞಾನಿ ಕಾಗದದ ಮೇಲೆ ಸಾಲಾಗಿ ಮುಖಗಳನ್ನು ಬರೆದು, ಒಂದು ತುದಿಯದು ತರಗತಿಯಲ್ಲೇ ಚೆನ್ನಾಗಿ ಓದುವವರದು, ಇನ್ನೊಂದು ತುದಿಯದು ತೀರಾ ಹಿಂದಿರುವವರದು, ಇದರಲ್ಲಿ ನೀನು ಯಾವುದು ಎಂದು ಮಕ್ಕಳನ್ನು ಕೇಳಿದರು. ಆರು ವರ್ಷದವರಲ್ಲಿ ಹೆಚ್ಚಿನವರು ಮೊದಲ ತುದಿಯ ಆಸುಪಾಸಿನಲ್ಲೇ ಬೆರಳಿಟ್ಟರು. ಅವರ ನಿಜವಾದ ಓದಿಗೂ ಆ ಬೆರಳಿಗೂ ಹೊಂದಾಣಿಕೆಯೇ ಇರಲಿಲ್ಲ. ಆ ವಯಸ್ಸಿನಲ್ಲಿ ಕಷ್ಟಪಡುವವನೇ ಜಾಣ. ಶ್ರಮ ಬೇರೆ, ಸಾಮರ್ಥ್ಯ ಬೇರೆ ಎಂಬ ಭೇದ ತಲೆಗೆ ಬಂದಿರುವುದಿಲ್ಲ. ಏಳೆಂಟು ವರ್ಷದ ಹೊತ್ತಿಗೆ ಪಕ್ಕದವರ ಸ್ಲೇಟು ಕಣ್ಣಿಗೆ ಬೀಳಲು ಶುರುವಾಗುತ್ತದೆ. ಹನ್ನೆರಡರ ಹೊತ್ತಿಗೆ ಮಗು ಇಡುವ ಬೆರಳು ಮೇಷ್ಟರು ಇಡುವ ಬೆರಳಿನ ಹತ್ತಿರಕ್ಕೇ ಬಂದಿರುತ್ತದೆ.

ವಾಸ್ತವ ಅರಿವಾಗುವುದು ಒಳ್ಳೆಯದೇ. ಆದರೆ ಅರಿವಿನ ಜತೆ ವಿಶ್ವಾಸ ಒಟ್ಟಾರೆ ಇಳಿಯುತ್ತ ಹೋಗುತ್ತದೆ. ಜಾನಿಸ್ ಜೇಕಬ್ಸ್, ಜಾಕ್ವೆಲಿನ್ ಎಕಲ್ಸ್ ಮತ್ತಿತರರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 761 ಅಮೆರಿಕನ್ ಮಕ್ಕಳನ್ನು ಒಂದರಿಂದ ಹನ್ನೆರಡನೇ ತರಗತಿವರೆಗಿನ ಹಾದಿಯಲ್ಲಿ ಹಿಂಬಾಲಿಸಿದ್ದರು. ಗಣಿತ, ಭಾಷೆ, ಆಟ ಮೂರರಲ್ಲೂ ‘ನನಗೆ ಬರುತ್ತದೆ’ ಎಂಬ ಭಾವ ದೊಡ್ಡವರಾಗುತ್ತ ಹೋದಂತೆ ಇಳಿಮುಖ. ವರ್ಷಗಟ್ಟಲೆ ಕಲಿತು, ಮೊದಲಿಗಿಂತ ಹೆಚ್ಚು ಬಲ್ಲವರಾಗುತ್ತ, ತಮಗೆ ಬರುವುದಿಲ್ಲ ಎಂಬ ತೀರ್ಮಾನದತ್ತ ಮಕ್ಕಳನ್ನು ಸಾಗಿಸುವ ವಿಚಿತ್ರ ಸಂಸ್ಥೆ ಶಾಲೆ.

ಕನ್ನಡದ ಮಗುವಿಗೆ ಇಲ್ಲೊಂದು ಹೆಚ್ಚಿನ ತೊಡಕಿದೆ. ನ್ಯೂಜಿಲೆಂಡಿನ ಜೇಮ್ಸ್ ಚಾಪ್‌ಮನ್ ಮತ್ತು ವಿಲಿಯಂ ಟನ್ಮರ್, ಶಾಲೆಗೆ ಬರುವಾಗ ಅಕ್ಷರ ಮತ್ತು ಧ್ವನಿಗಳ ಪರಿಚಯ ಕಡಿಮೆಯಿದ್ದ ಮಕ್ಕಳು ಎರಡೂವರೆ ವರ್ಷದೊಳಗೆ ಓದಿನ ಬಗೆಗೇ ಕೈಚೆಲ್ಲುವ ಮನಸ್ಥಿತಿಗೆ ಬರುವುದನ್ನು ತೋರಿಸಿದ್ದಾರೆ. ಅದು ಇಪ್ಪತ್ತಾರು ಅಕ್ಷರಗಳ ಭಾಷೆ. ನಮ್ಮಲ್ಲಿ ವರ್ಣಮಾಲೆ ಮುಗಿದ ಮೇಲೆ ಕಾಗುಣಿತ, ಅದು ಮುಗಿದ ಮೇಲೆ ಒತ್ತಕ್ಷರ. ಎಲ್ಲ ಸೇರಿದರೆ ಗುರುತು ಹಿಡಿಯಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳ ಓದನ್ನು ಅಭ್ಯಾಸ ಮಾಡಿದ ಸೋನಾಲಿ ನಾಗ್, ಈ ಅಕ್ಷರಜ್ಞಾನ ಒಂದೆರಡು ವರ್ಷದಲ್ಲಿ ಮುಗಿಯುವಂಥದಲ್ಲ, ನಾಲ್ಕನೇ ತರಗತಿವರೆಗೂ ಎಳೆಯುತ್ತದೆ ಎಂದು 2007ರ ಪ್ರಬಂಧದಲ್ಲಿ ತೋರಿಸಿದರು. ಎರಡನೇ ತರಗತಿಯಲ್ಲಿ ‘ಸ್ತ್ರೀ’ ಎಂಬಲ್ಲಿ ತಡವರಿಸಿ ಬೈಸಿಕೊಂಡ ಮಗು ‘ನಂಗೆ ಓದಕ್ಕೆ ಬರಲ್ಲ’ ಎಂದುಕೊಂಡರೆ, ಕಲಿಸುವ ಕೆಲಸ ಅರ್ಧವೂ ಆಗುವ ಮೊದಲೇ ಅದು ತೀರ್ಪು ಬರೆದುಕೊಂಡಂತಾಯಿತು.

ಇನ್ನು ಕೆರೆಯ ಮಾತು. 1984ರಲ್ಲಿ ಮಾರ್ಷ್ ಮತ್ತು ಜಾನ್ ಪಾರ್ಕರ್ ಎತ್ತಿದ ಪ್ರಶ್ನೆಯನ್ನು ನಮ್ಮ ಮಾತಿಗೆ ತಂದರೆ ಹೀಗೆ: ಚಿಕ್ಕ ಕೆರೆಯಲ್ಲಿ ದೊಡ್ಡ ಮೀನಾಗಿರುವುದು ಮೇಲೋ, ದೊಡ್ಡ ಕೆರೆಯಲ್ಲಿ ಚಿಕ್ಕ ಮೀನಾಗಿರುವುದೋ? ಒಂದೇ ಮಟ್ಟದ ಇಬ್ಬರು ಮಕ್ಕಳನ್ನು ತೆಗೆದುಕೊಂಡು, ಒಬ್ಬಳನ್ನು ಸಾಧಾರಣ ಶಾಲೆಗೂ ಇನ್ನೊಬ್ಬಳನ್ನು ಆಯ್ದ ಜಾಣರ ಶಾಲೆಗೂ ಹಾಕಿದರೆ, ಎರಡನೆಯವಳ ಓದಿನ ಸ್ವ-ಪರಿಕಲ್ಪನೆ ಕುಗ್ಗುತ್ತದೆ. ಕಲಿಯುವುದು ಕಡಿಮೆಯಾಗಿರಬೇಕೆಂದೇನಿಲ್ಲ. ಸುತ್ತ ಇರುವವರು ಬದಲಾದರು, ಅಷ್ಟಕ್ಕೇ. 2003ರಲ್ಲಿ ಮಾರ್ಷ್ ಮತ್ತು ಕಿಟ್-ತಾಯ್ ಹೌ, ಪಿಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆ ಬರೆದ 26 ದೇಶಗಳ 1,03,558 ಹದಿನೈದು ವರ್ಷದವರ ಮಾಹಿತಿಯಲ್ಲಿ ಇದನ್ನು ಹುಡುಕಿದರು. ಮನೋವಿಜ್ಞಾನದಲ್ಲಿ ಒಂದು ದೇಶದಲ್ಲಿ ಕಂಡದ್ದು ಇನ್ನೊಂದರಲ್ಲಿ ಮಾಯವಾಗುವುದೇ ಹೆಚ್ಚು. ಇದು 26 ದೇಶಗಳಲ್ಲೂ ಒಂದೇ ದಿಕ್ಕಿಗೆ ಬಂತು. ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿಗೆ 24ರಲ್ಲಿ ನಿಂತಿತು.

ನಮ್ಮಲ್ಲಿ ಇಂಥ ಕೆರೆ ಬದಲಾವಣೆ ಸರ್ಕಾರದ ಯೋಜನೆಯಾಗಿಯೇ ನಡೆಯುತ್ತದೆ. ಜವಾಹರ್ ನವೋದಯ ವಿದ್ಯಾಲಯಗಳು ಆರನೇ ತರಗತಿಗೆ ಪರೀಕ್ಷೆ ಇಟ್ಟು ಜಿಲ್ಲೆಯಿಂದ ಗರಿಷ್ಠ 80 ಮಕ್ಕಳನ್ನು ಆರಿಸುತ್ತವೆ. ಮುಕ್ಕಾಲು ಪಾಲು ಸೀಟಾದರೂ ಹಳ್ಳಿಯವರಿಗೆ. ಆ 80 ಮಂದಿಯಲ್ಲಿ ಹೆಚ್ಚಿನವರು ತಂತಮ್ಮ ಊರಿನ ಶಾಲೆಯಲ್ಲಿ ಮೊದಲಿಗರು. ಮೊದಲ ಕಿರುಪರೀಕ್ಷೆ ಮುಗಿದ ದಿನ ಅವರಲ್ಲಿ ಒಬ್ಬರು ಎಂಬತ್ತನೆಯವರಾಗಲೇಬೇಕು. ಊರಿನಲ್ಲಿ ಆ ಮಗುವಿನ ಹೆಸರು ಇನ್ನೂ ‘ನವೋದಯಕ್ಕೆ ಹೋದವನು’. ಹಾಸ್ಟೆಲಿನ ಮಂಚದ ಮೇಲೆ ಅವನ ಲೆಕ್ಕ ಬೇರೆ. ಒಳ್ಳೆಯ ಮೇಷ್ಟರು, ಗ್ರಂಥಾಲಯ, ಹೊಟ್ಟೆ ತುಂಬ ಊಟ ಎಲ್ಲವೂ ನಿಜವಾದ ಲಾಭಗಳೇ. ಅಲ್ಲಿಗೆ ಕಳಿಸಬಾರದು ಎಂದು ನಾನು ಹೇಳುತ್ತಿಲ್ಲ. ಹಾಂಕಾಂಗಿನಲ್ಲಿ ಮಾರ್ಷ್ ಮತ್ತು ಸಂಗಡಿಗರೇ 2000ದಲ್ಲಿ ತೋರಿಸಿದಂತೆ, ಹೆಸರಾಂತ ಶಾಲೆಗೆ ಸೇರಿದ ಹೆಮ್ಮೆ ಈ ಕುಗ್ಗನ್ನು ಕೊಂಚ ಮಟ್ಟಿಗೆ ತುಂಬಿಕೊಡುತ್ತದೆ. ಕೊಂಚ ಮಟ್ಟಿಗೆ ಮಾತ್ರ.

ನವೋದಯದ ಮಗುವಿಗಾದರೂ ಆಯ್ಕೆಯಾದೆನೆಂಬ ಕಿರೀಟವಿದೆ. ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿಯಲ್ಲಿ ಶಾಲೆಗೇ ಮೊದಲು ಬಂದು, ಪೇಟೆಯ ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೇರಿ, ಮೊದಲ ವಾರವೇ ‘ವೆಲಾಸಿಟಿ’, ‘ಆಕ್ಸಲರೇಷನ್’ಗಳ ಮಳೆಯಲ್ಲಿ ತೊಯ್ದವರಿಗೆ ಅದೂ ಇಲ್ಲ. ವೇಗ, ವೇಗೋತ್ಕರ್ಷ ಎರಡೂ ಅವರಿಗೆ ಗೊತ್ತು. ಗೊತ್ತಿಲ್ಲದ್ದು ಅವುಗಳ ಇಂಗ್ಲಿಷ್ ಹೆಸರು. ಆದರೆ ಮೊದಲ ಟೆಸ್ಟಿನ ಅಂಕ ಬಂದಾಗ ‘ನನಗೆ ಇಂಗ್ಲಿಷ್ ಬರಲ್ಲ’ ಎಂಬ ಸರಿಯಾದ ತೀರ್ಮಾನಕ್ಕೆ ಬರುವವರು ಕಡಿಮೆ. ‘ನನಗೆ ಫಿಸಿಕ್ಸ್ ಬರಲ್ಲ’ ಎಂಬ ತಪ್ಪು ತೀರ್ಮಾನಕ್ಕೆ ಬರುವವರೇ ಹೆಚ್ಚು. ಕೆರೆಯ ಜತೆ ನೀರೂ ಬದಲಾಗಿದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಸರಿ, ವಿಶ್ವಾಸ ಕುಗ್ಗಿದರೆ ಏನಾಯಿತು, ಕಲಿತದ್ದು ಕಲಿತೇ ಇದೆಯಲ್ಲ ಎನ್ನಬಹುದು. ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಮರ್ಫಿ ಮತ್ತು ಫೆಲಿಕ್ಸ್ ವೈನ್‌ಹಾರ್ಟ್ 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಇಂಗ್ಲೆಂಡಿನ 20 ಲಕ್ಷಕ್ಕೂ ಹೆಚ್ಚು ಮಕ್ಕಳ ಸರ್ಕಾರಿ ದಾಖಲೆ ಅವರ ಕೈಲಿತ್ತು. ಅಲ್ಲಿ ಹನ್ನೊಂದನೇ ವಯಸ್ಸಿಗೆ ಎಲ್ಲರೂ ಒಂದೇ ಪರೀಕ್ಷೆ ಬರೆದು, ಹೊಸ ಗೆಳೆಯರಿರುವ ಪ್ರೌಢಶಾಲೆಗೆ ಹೋಗುತ್ತಾರೆ. ಪರೀಕ್ಷೆಯಲ್ಲಿ ಸರಿಸಮ ಅಂಕ ತೆಗೆದ ಇಬ್ಬರಲ್ಲಿ ಒಬ್ಬ ತನ್ನ ಹಳೆಯ ತರಗತಿಗೆ ಮೊದಲಿಗ, ಇನ್ನೊಬ್ಬ ತನ್ನ ತರಗತಿಯಲ್ಲಿ ನಡುವಿನವನು ಆಗಿರಬಹುದು. ಮುಂದಿನ ವರ್ಷಗಳಲ್ಲಿ ಮೊದಲಿಗನಾಗಿದ್ದವನೇ ಹೆಚ್ಚು ಅಂಕ ತೆಗೆದ. ಹೊಸ ಶಾಲೆಯಲ್ಲಿ ಯಾರಿಗೂ ಅವನ ಹಳೆಯ ರ‍್ಯಾಂಕ್ ಗೊತ್ತಿಲ್ಲ, ಗೊತ್ತಿರುವುದು ಅವನಿಗೊಬ್ಬನಿಗೆ. ಆ ವಿಷಯದಲ್ಲಿ ಅವನ ವಿಶ್ವಾಸ ಹೆಚ್ಚಿರುವುದೂ ಕಂಡುಬಂತು. ಹುಡುಗಿಯರಿಗಿಂತ ಹುಡುಗರ ಮೇಲೆ ಈ ಪರಿಣಾಮ ನಾಲ್ಕು ಪಟ್ಟು. ಹುಡುಗರು ಹಳೆಯ ಪಟ್ಟವನ್ನು ಸುಲಭಕ್ಕೆ ಕೆಳಗಿಳಿಸುವುದಿಲ್ಲ, ಇದನ್ನು ಸಾಬೀತು ಮಾಡಲು ಇಷ್ಟು ದೊಡ್ಡ ಅಧ್ಯಯನ ಬೇಕಿರಲಿಲ್ಲವೇನೋ!

ಅಲ್ಲಿಗೆ ಅಂಕ ಮತ್ತು ವಿಶ್ವಾಸದ ನಡುವೆ ಎರಡೂ ಕಡೆಯಿಂದ ಸಂಚಾರವಿದೆ ಎಂದಾಯಿತು. 1977ರಲ್ಲಿ ಕ್ಯಾಲ್ಸಿನ್ ಮತ್ತು ಕೆನ್ನಿ ಇಟ್ಟ ಪ್ರಶ್ನೆ ಇದೇ ಆಗಿತ್ತು: ವಿಶ್ವಾಸವಿದ್ದುದರಿಂದ ಅಂಕ ಬಂತೋ, ಅಂಕ ಬಂದುದರಿಂದ ವಿಶ್ವಾಸ ಬಂತೋ? ಅವರ ಲೆಕ್ಕ ಎರಡನೆಯದರ ಕಡೆಗೆ ವಾಲಿತ್ತು. 2004ರಲ್ಲಿ ಜೆಫ್ರಿ ವ್ಯಾಲೆಂಟೈನ್ ಮತ್ತು ಸಂಗಡಿಗರು, ಮಗುವಿನ ಹಿಂದಿನ ಅಂಕಗಳನ್ನು ಲೆಕ್ಕದಿಂದ ಕಳೆದ ಮೇಲೂ ವಿಶ್ವಾಸಕ್ಕೆ ತನ್ನದೇ ಆದ ಕೊಡುಗೆ ಉಳಿಯುತ್ತದೆಯೇ ಎಂದು ಹತ್ತಾರು ಅಧ್ಯಯನಗಳಲ್ಲಿ ನೋಡಿದರು. ಉಳಿಯಿತು. ಸುಮಾರು 0.08ರಷ್ಟು. ಸೊನ್ನೆಯಲ್ಲ, ಆದರೆ ಒಂದು ರಾಜ್ಯ ಸರ್ಕಾರ ಸಮಿತಿ ಮಾಡುವಷ್ಟೂ ಅಲ್ಲ. ಅದರಲ್ಲೂ ಆಯಾ ವಿಷಯದ ವಿಶ್ವಾಸಕ್ಕೆ ಮಾತ್ರ ಒಂದಿಷ್ಟು ಬಲ. ಒಟ್ಟಾರೆ ಆತ್ಮಗೌರವದ ಪಾಲು ಇನ್ನೂ ತೆಳು.

ಹಾಗಾಗಿ ಅಂಕವನ್ನು ಬಿಟ್ಟು ಬರೀ ವಿಶ್ವಾಸವನ್ನು ಉಬ್ಬಿಸಹೊರಟರೆ ಕೈ ಸುಟ್ಟುಕೊಳ್ಳುವುದೇ ಹೆಚ್ಚು. 2007ರಲ್ಲಿ ಡೊನೆಲ್ಸನ್ ಫೋರ್ಸಿತ್, ರಾಯ್ ಬೌಮೈಸ್ಟರ್ ಮತ್ತಿತರರು ಕಾಲೇಜಿನಲ್ಲಿ ಕಡಿಮೆ ಅಂಕ ತೆಗೆದವರಿಗೆ ವಾರವಾರ ಇಮೇಲಿನಲ್ಲಿ ಅಭ್ಯಾಸದ ಪ್ರಶ್ನೆಗಳನ್ನು ಕಳಿಸಿದರು. ಕೆಲವರಿಗೆ ಪ್ರಶ್ನೆಯ ಜತೆ, ತಲೆ ಎತ್ತಿ ನಡೆಯಿರಿ, ನಿಮ್ಮ ಬಗ್ಗೆ ಹೆಮ್ಮೆಪಡಿ ಎಂಬ ಧಾಟಿಯ ನಾಲ್ಕು ಸಾಲೂ ಹೋಯಿತು. ಆ ಸಾಲುಗಳನ್ನು ಓದಿದವರ ಅಂಕ ಅಂತಿಮ ಪರೀಕ್ಷೆಯಲ್ಲಿ ಇನ್ನೂ ಕುಸಿಯಿತು. ನೀನು ಹೇಗಿದ್ದರೂ ಚೆಂದ ಅಂದಮೇಲೆ ಓದುವುದೇಕೆ?

ಪುಟ್ಟ ಮಕ್ಕಳಲ್ಲಿ ಹೊಗಳಿಕೆ ಕೆಲಸ ಮಾಡುವ ರೀತಿ ಇನ್ನೂ ಸೂಕ್ಷ್ಮ. ನೆದರ್ಲೆಂಡಿನ ಎಡ್ಡಿ ಬ್ರಮ್ಮೆಲ್‌ಮನ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲೊಂದು ವಿಜ್ಞಾನ ಸಂಗ್ರಹಾಲಯದಲ್ಲಿ ನಡೆಯಿತು. 240 ಮಕ್ಕಳು ವ್ಯಾನ್ ಗೋ ಬರೆದ ಗುಲಾಬಿಯ ಚಿತ್ರವೊಂದನ್ನು ನೋಡಿ ತಾವೂ ಬರೆದರು. ಹೆಸರಾಂತ ಚಿತ್ರಕಾರರು ನೋಡಿದ್ದಾರೆಂದು ಹೇಳಿ, ಕೆಲವರಿಗೆ ಚಿತ್ರ ಚೆನ್ನಾಗಿದೆ ಎಂಬ ಚೀಟಿ, ಕೆಲವರಿಗೆ ಅದ್ಭುತ, ನಂಬಲಾಗದಷ್ಟು ಚೆನ್ನಾಗಿದೆ ಎಂಬ ಚೀಟಿ, ಇನ್ನು ಕೆಲವರಿಗೆ ಹೊಗಳಿಕೆಯೇ ಇಲ್ಲದ ಚೀಟಿ ಕೊಟ್ಟರು. ಆಮೇಲೆ ಮುಂದಿನ ಚಿತ್ರ ಆರಿಸಿಕೊಳ್ಳಲು ಹೇಳಿದರು. ಆತ್ಮಗೌರವ ಕಡಿಮೆಯಿದ್ದ ಮಕ್ಕಳು ಅದ್ಭುತ ಎನ್ನಿಸಿಕೊಂಡ ಮೇಲೆ ಸುಲಭದ ಚಿತ್ರ ಆರಿಸಿಕೊಂಡರು. ಅದ್ಭುತ ಎಂಬ ಮಟ್ಟವನ್ನು ಪ್ರತಿಸಲ ಕಾಯ್ದುಕೊಳ್ಳುವುದು ಹೇಗೆ ಎಂಬ ಭಯ. ನಮ್ಮ ಅತಿಯಾದ ಹೊಗಳಿಕೆ ಹೋಗುವುದು ಸಾಮಾನ್ಯವಾಗಿ ಅಂಥ ಮಕ್ಕಳಿಗೇ.

ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ‘ನೀನು ಜಾಣ’ ಎಂಬ ಹೊಗಳಿಕೆಯ ಬಗ್ಗೆ ಕಂಡದ್ದೂ ಇದೇ ಜಾತಿಯದು. ಜಾಣ ಅನ್ನಿಸಿಕೊಂಡ ಐದನೇ ತರಗತಿಯವರು ಮುಂದೊಂದು ಕಷ್ಟದ ಸುತ್ತಿನಲ್ಲಿ ಸೋತಾಗ ಬೇಗ ಕೈಬಿಟ್ಟರು. ಅಂಕ ಹೇಳುವಾಗ ಸುಳ್ಳು ಹೇಳಿದವರೂ ಅವರಲ್ಲೇ ಹೆಚ್ಚು. ಇಲ್ಲಿಂದ ಬೆಳೆದ ‘ಗ್ರೋತ್ ಮೈಂಡ್‌ಸೆಟ್’ (ಬುದ್ಧಿ ಶ್ರಮದಿಂದ ಬೆಳೆಯುತ್ತದೆ ಎಂಬ ನಂಬಿಕೆ) ಎಂಬ ಮಾತು ಈಗ ಖಾಸಗಿ ಶಾಲೆಗಳ ಕರಪತ್ರದಲ್ಲಿ ಮಂತ್ರವಾಗಿದೆ. ಅಮೆರಿಕದಲ್ಲಿ 12,000ದಷ್ಟು ಒಂಬತ್ತನೇ ತರಗತಿಯವರ ಮೇಲೆ ಡೇವಿಡ್ ಯೇಗರ್ ತಂಡ ಇದನ್ನು ಪರೀಕ್ಷಿಸಿ 2019ರಲ್ಲಿ ವರದಿ ಮಾಡಿದಾಗ, ಹಿಂದುಳಿದ ಮಕ್ಕಳ ಸರಾಸರಿ ಗ್ರೇಡಿನಲ್ಲಿ ಕಂಡ ಏರಿಕೆ ನಾಲ್ಕರ ಅಳತೆಯಲ್ಲಿ 0.1. ಒಂದು ತಾಸಿನೊಳಗೆ ಮುಗಿಯುವ ಆನ್‌ಲೈನ್ ಪಾಠಕ್ಕೆ ಅದು ಒಳ್ಳೆಯ ಫಲವೇ. ಕರಪತ್ರದ ಆರ್ಭಟಕ್ಕೆ ಮಾತ್ರ ಸಾಲದು. ನನಗೆ ಹೆಚ್ಚು ಹಿಡಿಸಿದ್ದು ಡಚ್ಚರದೇ ಇನ್ನೊಂದು ಪ್ರಯೋಗ. 2019ರಲ್ಲಿ ಸ್ಯಾಂಡರ್ ಥೋಮಾಸ್ ಮತ್ತು ಸಂಗಡಿಗರು ಗಣಿತದ ಪರೀಕ್ಷೆಯ ನಡುವೆ ಮಕ್ಕಳಿಗೆ ಮನಸ್ಸಿನಲ್ಲೇ ಒಂದು ಮಾತು ಹೇಳಿಕೊಳ್ಳಲು ಹೇಳಿದರು. ‘ನಾನು ಇದರಲ್ಲಿ ಗಟ್ಟಿಗ’ ಎಂದುಕೊಂಡದ್ದರಿಂದ ಏನೂ ಆಗಲಿಲ್ಲ. ‘ಕೈಲಾದಷ್ಟೂ ಮಾಡ್ತೀನಿ’ ಎಂದುಕೊಂಡದ್ದರಿಂದ, ತಮಗೆ ಲೆಕ್ಕ ಬರುವುದಿಲ್ಲ ಎಂದೇ ನಂಬಿದ್ದ ಮಕ್ಕಳ ಅಂಕ ಸುಧಾರಿಸಿತು. ಮೊದಲನೆಯ ಮಾತನ್ನು ಆ ಮಕ್ಕಳು ನಂಬಲಾರರು, ಎರಡನೆಯದನ್ನು ನಂಬಬಲ್ಲರು.

ಇದುವರೆಗೆ ಹೇಳಿದ್ದೆಲ್ಲ ಮಗು ತಾನೇ ಕೂಡಿ ಕಳೆದು ಕಟ್ಟಿಕೊಂಡ ಚಿತ್ರದ ಮಾತು. ಮಗು ಕಟ್ಟಿಕೊಳ್ಳದೆ, ಊರೇ ಅದರ ಕೈಗೆ ಕೊಟ್ಟ ಚಿತ್ರವೂ ಒಂದಿರುತ್ತದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು-ಏಳನೇ ತರಗತಿಯ ಹುಡುಗರ ಜತೆ ನಡೆಸಿದ ಪ್ರಯೋಗವನ್ನು ಪ್ರತಿ ಶಿಕ್ಷಕರ ತರಬೇತಿಯಲ್ಲೂ ಓದಿಸಬೇಕು. 321 ಮೇಲ್ಜಾತಿಯ ಹುಡುಗರು, 321 ದಲಿತ ಹುಡುಗರು. ಕೆಲಸವೆಂದರೆ ದಾರಿ ಹುಡುಕುವ ಒಗಟು ಬಿಡಿಸುವುದು, ಮಕ್ಕಳ ಪುರವಣಿಯಲ್ಲಿ ಮೊಲಕ್ಕೆ ಕ್ಯಾರೆಟ್ಟಿನ ದಾರಿ ತೋರಿಸಿ ಎಂದು ಬರುತ್ತದಲ್ಲ, ಆ ಥರದ್ದು. ಬಿಡಿಸಿದ ಪ್ರತಿ ಒಗಟಿಗೂ ದುಡ್ಡು. ಆರು ಹುಡುಗರ ಗುಂಪು, ಮೂವರು ಆಕಡೆಯವರು, ಮೂವರು ಈಕಡೆಯವರು. ಜಾತಿಯ ಸುದ್ದಿಯೇ ಎತ್ತದಿದ್ದಾಗ ಎರಡೂ ಕಡೆಯವರು ಬಿಡಿಸಿದ ಒಗಟುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಇನ್ನು ಕೆಲವು ಗುಂಪುಗಳಲ್ಲಿ ಆಟಕ್ಕೆ ಮೊದಲು ಪ್ರತಿ ಹುಡುಗನ ಹೆಸರು, ಊರು, ಅಪ್ಪನ ಹೆಸರು, ತಾತನ ಹೆಸರು, ಜಾತಿ ಇಷ್ಟನ್ನೂ ಎಲ್ಲರೆದುರು ಗಟ್ಟಿಯಾಗಿ ಓದಿದರು. ಬೈಗುಳವಿಲ್ಲ, ಗದರಿಕೆಯಿಲ್ಲ, ಹಾಜರಿ ಕರೆದಂತೆ ಓದಿದ್ದಷ್ಟೇ. ದಲಿತ ಹುಡುಗರು ಬಿಡಿಸಿದ ಒಗಟುಗಳು ಸುಮಾರು ಐದನೇ ಒಂದು ಭಾಗದಷ್ಟು ಕಡಿಮೆಯಾದವು.

ಇದನ್ನು ಕೀಳರಿಮೆ ಎಂದು ಕರೆದು ಮುಗಿಸುವುದು ಸುಲಭ. ಹಾಫ್ ಮತ್ತು ಪಾಂಡೆ ಅಲ್ಲಿಗೆ ನಿಲ್ಲಲಿಲ್ಲ. ಬಹುಮಾನದಲ್ಲಿ ಚೀಟಿ ಎತ್ತುವ ಅದೃಷ್ಟದ ಪಾಲನ್ನು ಸೇರಿಸಿದಾಗ, ಅಂದರೆ ಮನುಷ್ಯರ ತೀರ್ಪಿನ ಪಾತ್ರ ತಗ್ಗಿದಾಗ, ಎರಡು ಕಡೆಯವರ ನಡುವಿನ ಅಂತರ ಮಾಯವಾಯಿತು. ಹುಡುಗರಿಗೆ ತಮ್ಮ ಬುದ್ಧಿಯ ಮೇಲೆ ಅಪನಂಬಿಕೆ ಇದ್ದಂತಿರಲಿಲ್ಲ. ಜಾತಿ ಗೊತ್ತಾದ ಮೇಲೆ ತಮ್ಮ ಶ್ರಮಕ್ಕೆ ಸರಿಯಾದ ಬೆಲೆ ಕಟ್ಟುತ್ತಾರೆಂಬ ಬಗ್ಗೆ ಇತ್ತು. ಆ ಅಪನಂಬಿಕೆಗೆ ಅವರ ಊರಿನಲ್ಲಿ ಬೇಕಾದಷ್ಟು ಆಧಾರವೂ ಇದ್ದೀತು. ಇಂಥ ಮಗುವಿಗೆ ‘ನಿನ್ನ ಮೇಲೆ ನಂಬಿಕೆಯಿಡು’ ಎಂದು ಪಾಠ ಹೇಳುವುದು ತಪ್ಪು ವಿಳಾಸಕ್ಕೆ ಹಾಕಿದ ಕಾಗದ. ತಿದ್ದಬೇಕಾದದ್ದು ಓದಿದ ಪಟ್ಟಿಯನ್ನು. ವಿದ್ಯಾರ್ಥಿವೇತನದ ಅರ್ಜಿಗೆಂದು ಇಡೀ ತರಗತಿಯ ಎದುರು ‘ಎಸ್‌ಸಿ ಎಸ್‌ಟಿಯವರು ಎದ್ದುನಿಲ್ಲಿ’ ಎನ್ನುವ ರೂಢಿ ಎಲ್ಲೆಲ್ಲಿ ಉಳಿದಿದೆಯೋ ಅಲ್ಲೆಲ್ಲ ಈ ಪ್ರಯೋಗ ದಿನವೂ ನಡೆಯುತ್ತಿದೆ, ಅಳೆಯುವವರಿಲ್ಲ ಅಷ್ಟೆ.

ಮಗು ನೋಡಿ ತೀರ್ಮಾನಿಸುವ ಪುರಾವೆಯನ್ನೇ ಬದಲಾಯಿಸಿದ ಕೆಲಸಗಳಿಗೆ ನಾವು ದೂರ ಹೋಗಬೇಕಿಲ್ಲ. ವಡೋದರ ಮತ್ತು ಮುಂಬೈಯಲ್ಲಿ ‘ಪ್ರಥಮ್’ ಸಂಸ್ಥೆ, ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ತಾಸು ಬೇರೆ ಕೂರಿಸಿ ಸ್ಥಳೀಯ ಯುವತಿಯರಿಂದ ಅವರವರ ಮಟ್ಟದ ಪಾಠ ಹೇಳಿಸಿತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು 2007ರಲ್ಲಿ ವರದಿ ಮಾಡಿದಂತೆ, ತೀರಾ ಹಿಂದಿದ್ದವರೇ ಹೆಚ್ಚು ಮೇಲೆ ಬಂದರು. ಹಿಂದುಳಿದವರನ್ನು ಬೇರೆ ಕೂರಿಸಿದರೆ ಅವಮಾನವಾಗದೇ ಎಂಬ ಆತಂಕ ಸಹಜ. ಆದರೆ ಗೊತ್ತಿಲ್ಲದ ಭಾಗಾಕಾರದ ಮುಂದೆ ದಿನವಿಡೀ ಸುಮ್ಮನೆ ಕೂರುವುದಕ್ಕಿಂತ, ತನ್ನಂಥವರ ಜತೆ ಕೂತು ಕಳೆಯುವ ಲೆಕ್ಕವನ್ನು ಸರಿ ಮಾಡಿ ಏಳುವುದರಲ್ಲಿ ಅವಮಾನ ಕಡಿಮೆ. ಈ ದಾರಿಯಲ್ಲೇ ಬಂದದ್ದು ನಮ್ಮ ನಾಲ್ಕು-ಐದನೇ ತರಗತಿಗಳ ‘ಓದು ಕರ್ನಾಟಕ’ ಕಾರ್ಯಕ್ರಮ.

ಅದಕ್ಕೂ ಹಿಂದಿನದು ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ರಿಷಿವ್ಯಾಲಿ ಶಾಲೆಯ ಪದ್ಧತಿ ನೋಡಿ ಬಂದ ಶಿಕ್ಷಕರು ಶುರುಮಾಡಿದ್ದು. ಒಂದರಿಂದ ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ, ಪಠ್ಯಪುಸ್ತಕದ ಬದಲು ಚಿತ್ರಗಳಿರುವ ಕಾರ್ಡುಗಳು, ಗೋಡೆಯ ಮೇಲೆ ಕಲಿಕಾ ಏಣಿ. ಪ್ರತಿ ಮಗುವೂ ತನ್ನ ಮೆಟ್ಟಿಲನ್ನು ತಾನೇ ಹುಡುಕಿಕೊಂಡು ಕಾರ್ಡು ತೆಗೆದುಕೊಳ್ಳುತ್ತದೆ. ನಾಲ್ಕು ದಿನ ಜ್ವರ ಬಂದು ಶಾಲೆ ತಪ್ಪಿದರೆ ಬಿಟ್ಟಲ್ಲಿಂದಲೇ ಹತ್ತುತ್ತದೆ. ಫೇಲು ಎಂಬುದಿಲ್ಲ, ರ‍್ಯಾಂಕ್ ಎಂಬುದಿಲ್ಲ. ನಲಿ-ಕಲಿಯ ಬಗ್ಗೆ ದೂರುಗಳೂ ಇವೆ: ಕಾರ್ಡು ಹರಿದಿವೆ, ಒಬ್ಬರೇ ಶಿಕ್ಷಕರು, ಗದ್ದಲ. ಸ್ವ-ಪರಿಕಲ್ಪನೆಯ ಕಣ್ಣಿನಿಂದ ನೋಡಿದರೆ ಮಾತ್ರ, ಆರರಿಂದ ಒಂಬತ್ತರ ನಡುವೆ, ಹೋಲಿಕೆ ಮೊಳೆಯುವ ವಯಸ್ಸಿನಲ್ಲೇ, ಮಗು ನಿನ್ನೆಯ ತನ್ನ ಜತೆ ಹೋಲಿಸಿಕೊಳ್ಳುವ ಏರ್ಪಾಡು ಅದು. ನಾಲ್ಕನೇ ತರಗತಿಗೆ ಏಣಿ ಮುಗಿಯುತ್ತದೆ. ಎಲ್ಲರಿಗೂ ಒಂದೇ ದಿನ ಒಂದೇ ಪಾಠ, ಒಂದೇ ಪ್ರಶ್ನೆಪತ್ರಿಕೆ. ಒತ್ತಕ್ಷರ ಇನ್ನೂ ಕೈಗೆ ಪೂರ್ತಿ ದಕ್ಕದ ಮಗುವೂ ಅದನ್ನೇ ಬರೆಯಬೇಕು.

ಶಿಕ್ಷಕರು ಮಕ್ಕಳನ್ನು ಪರಸ್ಪರ ಹೋಲಿಸುವುದು ಬಿಟ್ಟು ಅವರವರ ಹಿಂದಿನ ಕೆಲಸದ ಜತೆ ಹೋಲಿಸಿದರೆ ಕೆರೆಯ ಪರಿಣಾಮ ಹೋಗುತ್ತದೆಯೇ? ಜರ್ಮನಿಯ ಗಣಿತ ತರಗತಿಗಳಲ್ಲಿ ಒಲಿವರ್ ಲುಟ್ಕೆ ಮತ್ತು ಸಂಗಡಿಗರು 2005ರಲ್ಲಿ ಇದನ್ನು ನೋಡಿದರು. ಹಾಗೆ ಹೋಲಿಸುವ ಶಿಕ್ಷಕರ ತರಗತಿಯಲ್ಲಿ ಎಲ್ಲ ಮಟ್ಟದ ಮಕ್ಕಳ ವಿಶ್ವಾಸವೂ ಒಂದಿಷ್ಟು ಮೇಲಿತ್ತು. ಆದರೆ ಜಾಣರ ನಡುವೆ ಸಿಕ್ಕಿಬಿದ್ದವರಿಗೆ ಆಗುವ ಕುಗ್ಗು ಅಲ್ಲೂ ಹಾಗೇ ಉಳಿದಿತ್ತು. ಶಿಕ್ಷಕರು ಹೋಲಿಸದಿದ್ದರೂ, ಉತ್ತರಪತ್ರಿಕೆ ಕೈಗೆ ಬಂದ ಕೂಡಲೇ ಪಕ್ಕದ ಬೆಂಚಿಗೆ ಕತ್ತು ಚಾಚಿ ‘ನಿಂಗೆಷ್ಟು?’ ಎಂದು ಕೇಳುವವರು ಮಕ್ಕಳೇ.